ಅಮ್ಮನ ಟ್ರೈಲರ್‌ಗೆ ಯಾವ ಗಾಡಿ?

"ಸಾರ್, ಇದನ್ನ ಎಳೆಯಕ್ಕೆ ಯಾವ್ ಗಾಡಿ ಬೇಕು?"

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುರಿಯುತ್ತಾ ನಿಂತಿದ್ದೆ. ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡ ಒಬ್ಬರು ಹತ್ತಿರ ಬಂದು ತಮ್ಮ ಫೋನ್ ನನ್ನ ಮುಖಕ್ಕೆ ಹಿಡಿದರು. ನೋಡಿದರೆ ನಮ್ಮದೇ ಟ್ರೈಲರ್. ನಮ್ಮ ಮನೆ ಮುಂದೆ ನಿಂತಿರುವ, ವಾಟ್ಸಾಪಿನಲ್ಲಿ ಊರು ಸುತ್ತಿ ಬಂದ ಫೋಟೋ. ಹಿಂದೆ ಕಾಂಪೌಂಡ್ ಮೇಲೆ ನನ್ನ ಬನಿಯನ್ ಒಣಗುತ್ತಿತ್ತು.

ತಿಂಗಳ ಹಿಂದೆ ಕೇಳಿದ್ದರೆ ಆ ಮನುಷ್ಯನ ಇಡ್ಲಿ ಆರಿ ತಣ್ಣಗಾಗುವವರೆಗೂ ಬಿಡುತ್ತಿರಲಿಲ್ಲ. ಎಳೆಯುವ ಬಲ ಅಂದರೆ ಟಾರ್ಕ್ ಎಷ್ಟು ಬೇಕು, ಟ್ರೈಲರ್ ಸಿಕ್ಕಿಸುವ ಹಿಚ್ ಎಂಥದ್ದು, ಬ್ರೇಕ್ ಹೇಗಿರಬೇಕು, ಎಲ್ಲ ಹೇಳಿ, ಕಾಫಿಯನ್ನೂ ಕುಡಿಸಿ ಕಳಿಸುತ್ತಿದ್ದೆ. ಮೊನ್ನೆ ಮಾತ್ರ "ಗೊತ್ತಿಲ್ಲ ಸಾರ್" ಅಂದುಬಿಟ್ಟೆ.

"ನಿಮ್ದೇ ಅಲ್ವಾ ಗಾಡಿ?" ಅಂದರು.

ಅರ್ಧ ಇಡ್ಲಿ ತಟ್ಟೆಯಲ್ಲೇ ಬಿಟ್ಟು ಕೈ ತೊಳೆದೆ. (ಕ್ಯಾತ್ಸಂದ್ರದಲ್ಲಿ ಅರ್ಧ ತಟ್ಟೆ ಇಡ್ಲಿ ಬಿಟ್ಟು ಎದ್ದವನ ಸ್ಥಿತಿ ಹೇಗಿರಬೇಕು ಅಂತ ನೀವೇ ಯೋಚಿಸಿ.)

ನಿಮಗೆ ನನ್ನ ಬುದ್ಧಿ ಗೊತ್ತು. ಈ ಅಂಕಣದಲ್ಲಿ ನಾನು ಕೊಡದ ಸಲಹೆ ಇಲ್ಲ. ಕುಕ್ಕರ್ ಯಾವುದು ತಗೋಬೇಕು, ಮಗಳ ಮದುವೆಗೆ ಯಾವ ಛತ್ರ ಬುಕ್ ಮಾಡಬೇಕು, ಸೊಳ್ಳೆ ಪರದೆ ಎಲ್ಲಿ ಕಟ್ಟಬೇಕು, ಎಲ್ಲಕ್ಕೂ ಒಂದು ವಾರ ಬರೆದಿದ್ದೇನೆ. ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ಮೇಷ್ಟ್ರಿಗೆ ಇಷ್ಟೆಲ್ಲ ಯಾಕೆ ಅಂತ ನನ್ನ ಹೆಂಡತಿ ಸುಮಾ ಕೇಳುತ್ತಲೇ ಇರುತ್ತಾಳೆ. ನಾನು ಕೇಳಿಸಿಕೊಂಡಿಲ್ಲ. ಈ ವಾರ ಸಲಹೆ ಇಲ್ಲ. ಆದದ್ದನ್ನು ಹೇಳುತ್ತೇನೆ, ನಾಚಿಕೆ ಬಿಟ್ಟು. ಅಲ್ಲ, ನಾಚಿಕೆ ಇಟ್ಟುಕೊಂಡೇ.

ವಿಷಯ ಶುರುವಾದದ್ದು ಅಮ್ಮನಿಂದ.

ಅಮ್ಮನಿಗೆ ಒಬ್ಬಳೇ ತಂಗಿ. ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಲ್ಲಿದ್ದಾಳೆ. ನನ್ನ ಚಿಕ್ಕಮ್ಮ. ಜಾರಿ ಬಿದ್ದು ಸೊಂಟ ಮುರಿದ ಮೇಲೆ ಅವಳು ಮಂಚ, ಜಗುಲಿ, ಮಂಚ. ಅಷ್ಟೇ ಓಡಾಟ. ಅಕ್ಕ ತಂಗಿ ಇಬ್ಬರೂ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ಫೋನಿನಲ್ಲಿ ಮಾತಾಡುತ್ತಾರೆ. ಇವಳು ಇಲ್ಲಿ ಲೋಟ ಎತ್ತಿದರೆ ಅವಳು ಅಲ್ಲಿ ಲೋಟ ಎತ್ತಬೇಕು, ಹಾಗೆ. ಆದರೆ ಮುಖ ನೋಡಿ ವರ್ಷಗಳೇ ಆಗಿದ್ದವು. ಚಿಕ್ಕಮ್ಮ ಬರುವ ಹಾಗಿಲ್ಲ, ಸರಿ. ಅಮ್ಮ ಯಾಕೆ ಹೋಗುತ್ತಿರಲಿಲ್ಲ?

ಕೇಳಿದಾಗೆಲ್ಲ ಒಂದೊಂದು ನೆಪ. "ಬಿಸ್ಲು ಆಗಕ್ಕಿಲ್ಲ ಕಣೋ." "ಬಸ್ನಾಗೆ ತಲೆ ಸುತ್ತುತ್ತೆ." "ಮುಂದಿನ್ ತಿಂಗ್ಳು ನೋಡಣ ಬುಡು." ನಾನೂ ಬಿಟ್ಟೆ. ನಿಜವಾದ ಕಾರಣವನ್ನು ಅಮ್ಮ ಸೊಸೆಗೆ ಹೇಳಿದ್ದಳು, ಮಗನಿಗೆ ಹೇಳಿರಲಿಲ್ಲ. ಒಂದು ರಾತ್ರಿ ಊಟ ಮಾಡುವಾಗ ಸುಮಾ ಮೆಲ್ಲಗೆ ಹೇಳಿದಳು: "ಅತ್ತೆಗೆ ಮೂತ್ರ ತಡೆಯೋಕಾಗಲ್ಲ ರೀ. ಬಂತು ಅಂದ್ರೆ ಬಂತು. ದಾರೀಲಿ ಎಲ್ಲಿ ಹೋಗ್ಬೇಕು ಅವ್ರು? ಅದಕ್ಕೇ ಎಲ್ಲೂ ಹೋಗಲ್ಲ. ಹೋಗ್ಲೇಬೇಕು ಅಂದ್ರೆ ಹಿಂದಿನ ದಿನದಿಂದ ನೀರು ಬಿಡ್ತಾರೆ."

ಒಂದೇ ಮನೆಯಲ್ಲಿದ್ದೇವೆ. ನಾನು ಊರಿಗೆಲ್ಲ ಬುದ್ಧಿ ಹೇಳುವವನು.

ಅದೇ ವಾರ ಕುಣಿಗಲ್‌ನಿಂದ ಬಾಮೈದ ಲೋಕೇಶ ಬಂದ. ಅವನದು ಅಲ್ಲಿ ಟಿಪ್ಪರ್, ಟ್ರೈಲರ್ ಬಾಡಿ ಕಟ್ಟುವ ಶೆಡ್ಡು. "ಭಾವ, ಒಂದು ದೊಡ್ಡ ಟ್ರೈಲರ್ ಬಂದಿದೆ. ಯಾರೋ ಹೆಲ್ತ್ ಕ್ಯಾಂಪಿಗೆ ಇಟ್ಕೊಂಡಿದ್ರಂತೆ. ಒಳಗೆ ಹಾಸಿಗೆ, ಸಿಂಕು, ಬಾತ್‌ರೂಮು ಎಲ್ಲ ಐತೆ. ನಾಲ್ಕ್ ಚಕ್ರದ ಮೇಲೆ ಮನೆ ಕಣ್ರೀ!" ಅಂದ.

ಬಾತ್‌ರೂಮು ಅಂದ ತಕ್ಷಣ ನನಗೆ ಅಮ್ಮ ನೆನಪಾದಳು. ಇಲ್ಲಿಯವರೆಗೆ ನಾನು ಒಳ್ಳೆಯವನೇ, ನೋಡಿ.

ಲೋಕೇಶ ಅದನ್ನು ಚೆನ್ನಾಗಿ ರಿಪೇರಿ ಮಾಡಿದ. ಹಿಂಭಾಗದಲ್ಲಿ ಪುಟ್ಟ ಟಾಯ್ಲೆಟ್. ಕಮೋಡ್, ಪಕ್ಕದಲ್ಲಿ ಹಿಡಿದುಕೊಳ್ಳಲು ಸ್ಟೀಲ್ ಕಂಬಿ, ಕೈಗೆಟಕುವ ನಲ್ಲಿ. ಟ್ರೈಲರ್ ಬಾಗಿಲಿಗೆ ತಗ್ಗಿನ ಮೆಟ್ಟಿಲು, ಅಲ್ಲೂ ಒಂದು ಕಂಬಿ. ಅಮ್ಮ ಬಂದು ನೋಡಿದಳು. ಟಾಯ್ಲೆಟ್ ಬಾಗಿಲು ತೆಗೆದಳು, ಹಾಕಿದಳು. ಮತ್ತೆ ತೆಗೆದಳು. ಕಂಬಿ ಹಿಡಿದು ನೋಡಿದಳು. "ನಮ್ ಪುಟ್ಟಿ ಮನೆಗೆ ಹೋಗ್ಬೋದಾ ಇದ್ರಲ್ಲಿ?" ಅಂದಳು. ಪುಟ್ಟಿ ಅಂದರೆ ಚಿಕ್ಕಮ್ಮ. ಅವಳಿಗೇ ಮೊಮ್ಮಕ್ಕಳಿದ್ದಾರೆ, ಇವಳಿಗೆ ಇನ್ನೂ ಪುಟ್ಟಿ.

"ಹೋಗ್ಬೋದು ಅಲ್ಲಮ್ಮ, ಹೋಗ್ತೀವಿ!" ಅಂದೆ.

ಟ್ರೈಲರ್‌ಗೆ ಇಂಜಿನ್ ಇರುವುದಿಲ್ಲ. ಎಳೆಯಲು ಗಾಡಿ ಬೇಕು. ಯಾವ ಗಾಡಿ?

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ವಾಟ್ಸಾಪಿನಲ್ಲಿ ಒಂದು ಗ್ರೂಪ್ ಮಾಡಿದೆ. ಲೋಕೇಶ, ಹಾಗಲವಾಡಿಯ ಚಿಕ್ಕಮ್ಮನ ಮಗ ನಂಜುಂಡ, ಕಾಲೇಜಿನ ಇಬ್ಬರು ಸಹೋದ್ಯೋಗಿಗಳು, ಇನ್ನೂ ಯಾರ್ಯಾರೋ. ಎಲ್ಲ ಗಂಡಸರೇ. ನಂಜುಂಡ "ನಮ್ ಟ್ರ್ಯಾಕ್ಟರೇ ತರ್ತೀನಿ ಬುಡಣ್ಣ" ಅಂದ. ಇನ್ನೊಬ್ಬರು ತಮ್ಮ ಹೊಸ ಎಸ್‌ಯುವಿ ಫೋಟೋ ಹಾಕಿದರು, ಸನ್‌ರೂಫ್ ತೆರೆದು ಮೇಲೆ ನಿಂತು. ನಾನು ಬೆಳಗಿನ ಜಾವದವರೆಗೂ ವಿಡಿಯೋ ನೋಡಿದೆ. ನೋಡಿ ನೋಡಿ ಪಂಡಿತನಾದೆ.

ನಾನು ಕಲಿತದ್ದರಲ್ಲಿ ತಪ್ಪಿರಲಿಲ್ಲ. ಟ್ರೈಲರ್‌ನ ಖಾಲಿ ತೂಕ ನೋಡಿ ಗಾಡಿ ಆರಿಸಬಾರದು. ನೀರಿನ ಟ್ಯಾಂಕ್, ಸಿಲಿಂಡರ್, ಹಾಸಿಗೆ, ಪಾತ್ರೆ ಎಲ್ಲ ತುಂಬಿದ ಮೇಲಿನ ತೂಕ ನೋಡಬೇಕು. ಎಳೆಯುವ ಗಾಡಿ ಉದ್ದವಾಗಿರಬೇಕು, ತಾನೇ ಭಾರವಾಗಿರಬೇಕು, ಇಲ್ಲದಿದ್ದರೆ ಹಿಂದಿರುವುದೇ ಮುಂದಿನದನ್ನು ಎಳೆದಾಡುತ್ತದೆ. ಟ್ರೈಲರ್ ಒಳಗೆ ಸಾಮಾನಿನ ಭಾರ ಮುಂಭಾಗಕ್ಕೆ ಬೀಳಬೇಕು. ಹಿಂಭಾಗಕ್ಕೆ ಬಿದ್ದರೆ ಟ್ರೈಲರ್ ಅತ್ತಿತ್ತ ಬಾಲ ಆಡಿಸಲು ಶುರು ಮಾಡುತ್ತದೆ. ಓಡುವಾಗ ಟ್ರೈಲರ್ ಒಳಗೆ ಮನುಷ್ಯರು ಕೂರಲೇಬಾರದು. (ಇದನ್ನು ದಪ್ಪ ಅಕ್ಷರದಲ್ಲಿ, ಪಕ್ಕಕ್ಕೆ ಕೆಂಪು ಗುರುತು ಹಾಕಿ ಗ್ರೂಪಿಗೆ ಕಳಿಸಿದ್ದೆ.) ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಇದು: "ಎಳೆಯೋದು ದೊಡ್ಡ ವಿಷಯ ಅಲ್ಲ, ನಿಲ್ಲಿಸೋದು ದೊಡ್ಡ ವಿಷಯ." ದಿನಕ್ಕೊಮ್ಮೆ ಯಾರಿಗಾದರೂ ಹೇಳುತ್ತಿದ್ದೆ.

ಕೊನೆಗೆ ಒಂದು ದೊಡ್ಡ ಪಿಕಪ್ ತಗೊಂಡೆ. ಹಿಂದೆ ಸಾಮಾನು ಹಾಕುವ ತೆರೆದ ಕ್ಯಾರಿಯರ್, ಮುಂದೆ ಎರಡು ಸಾಲು ಸೀಟು, ಎತ್ತರವೆಂದರೆ ಎತ್ತರ. ಪಕ್ಕದ ಮನೆಯವರು "ಏನ್ ಸಾರ್, ಎಂಎಲ್ಎ ಆಗ್ಬಿಟ್ರಾ?" ಅಂದರು. ಒಳಗೊಳಗೇ ಹಿಗ್ಗಿದೆ.

ಗಾಡಿ ಮನೆಗೆ ಬಂದ ದಿನ ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ನಾನೆಲ್ ಕೂತ್ಕಳದಪ್ಪ ಇದ್ರಲ್ಲಿ?" ಅಂದಳು.

"ಹಿಂದಿನ ಸೀಟಲ್ಲಿ ಅಮ್ಮ, ರಾಣಿ ತರ!" ಅಂದೆ.

ಅವಳು ಕೇಳಿದ್ದು ಅದಲ್ಲ ಅಂತ ಈಗ ಗೊತ್ತಾಗುತ್ತದೆ.

ಟ್ರಯಲ್ ನೋಡಲು ಒಂದು ಭಾನುವಾರ ಕುಣಿಗಲ್ ಮೇಲೆ ಮಾರ್ಕೋನಹಳ್ಳಿ ಡ್ಯಾಮಿಗೆ ಹೋದೆವು. ನಾನು, ಲೋಕೇಶ, ಗ್ರೂಪಿನ ಇನ್ನಿಬ್ಬರು. ನೀರಿನ ದಂಡೆಯಲ್ಲಿ ಟ್ರೈಲರ್ ನಿಲ್ಲಿಸಿ ಕೋಳಿ ಸಾರು ಮಾಡಿಕೊಂಡು ತಿಂದೆವು. ಎಲ್ಲರೂ ಟಾಯ್ಲೆಟ್ ಉಪಯೋಗಿಸಿ "ಸೂಪರ್ ಕಣ್ರೀ" ಅಂದರು. ಅಮ್ಮನನ್ನು ಕರೆದುಕೊಂಡು ಹೋಗಲಿಲ್ಲ. ಟ್ರಯಲ್ ಅಲ್ಲವೇ? ಅವತ್ತೇ ಅವಳನ್ನು ಹತ್ತಿಸಿದ್ದರೆ ಈ ಅಂಕಣ ಬರೆಯುವ ಕರ್ಮ ನನಗಿರುತ್ತಿರಲಿಲ್ಲ. ಟ್ರಯಲ್ ಅಂದರೆ ಯಾರದ್ದು ಟ್ರಯಲ್ ಅಂತ ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಹಾಗಲವಾಡಿಗೆ ಹೊರಡುವ ದಿನ ಬಂತು. ಬೆಳಿಗ್ಗೆ ಗಾಡಿ ಪೂಜೆ. ಹೂವಿನ ಹಾರ, ಕುಂಬಳಕಾಯಿ, ಚಕ್ರಕ್ಕೊಂದು ನಿಂಬೆಹಣ್ಣು. ಬೀದಿಯವರೆಲ್ಲ ಸೇರಿದ್ದರು. ಸುಮಾಗೆ ಶಾಲೆಯಲ್ಲಿ ಪರೀಕ್ಷೆ ಡ್ಯೂಟಿ, ಬರುವ ಹಾಗಿರಲಿಲ್ಲ. ಅವಳು ಅಮ್ಮನಿಗೆ ಹಸಿರು ರೇಷ್ಮೆ ಸೀರೆ ಉಡಿಸಿ, ಕೈಗೆ ಒಂದು ಪುಟ್ಟ ಬ್ಯಾಗ್ ಕೊಟ್ಟು ಹೋಗಿದ್ದಳು. ಅಮ್ಮ ತಂಗಿಗೆ ಅಂತ ಕಡಲೆಬೇಳೆ ಒಬ್ಬಟ್ಟು ಮಾಡಿದ್ದಳು. ಮದುವೆಗೆ ಹೊರಟವಳ ಹಾಗೆ ಕಾಣುತ್ತಿದ್ದಳು.

ಪಿಕಪ್ಪಿನ ಬಾಗಿಲು ತೆಗೆದೆ. ಅಮ್ಮ ಮೆಟ್ಟಿಲ ಕಡೆ ನೋಡಿದಳು. ಅದು ಅವಳ ಮಂಡಿಗಿಂತ ಮೇಲಿತ್ತು. ಕಾಲೆತ್ತಿದಳು, ಪಾದ ಅರ್ಧಕ್ಕೆ ಹೋಗಿ ಇಳಿಯಿತು. ಇನ್ನೊಂದು ಕಾಲು ನೋಡಿದಳು. ಅದೂ ಇಲ್ಲ.

ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಬಂತು. ಅದರ ಮೇಲೆ ನಿಂತರೆ ಕುರ್ಚಿ ಅಲ್ಲಾಡಿತು. ಲೋಕೇಶ ಒಂದು ರಟ್ಟೆ ಹಿಡಿದ, ನಾನು ಹಿಂದಿನಿಂದ ತಳ್ಳಿದೆ. ಬೀದಿಯವರೆಲ್ಲ ಆಳಿಗೊಂದು ಸಲಹೆ. "ಎಡಗಾಲು ಮೊದ್ಲು ಅಜ್ಜಿ!" "ಎತ್ತಿ ಕೂರ್ಸಿ ಸಾರ್!" ಯಾರೋ ವಿಡಿಯೋ ಮಾಡುತ್ತಿದ್ದರು. ಅಮ್ಮನ ಸೆರಗು ಜಾರಿತು. ಅವಳು ಅದನ್ನು ಹಿಡಿದುಕೊಂಡು ಕುರ್ಚಿಯಿಂದ ಇಳಿದುಬಿಟ್ಟಳು.

"ಬ್ಯಾಡ ಬುಡ್ರಪ್ಪ. ಎಲ್ರೂ ನೋಡ್ತಾವ್ರೆ. ಇನ್ನೊಂದಿನ ಹೋಗಣ."

ಇನ್ನೊಂದು ದಿನವೇ? ಪೂಜೆ ಆಗಿದೆ, ನಿಂಬೆಹಣ್ಣು ಚಕ್ರದ ಕೆಳಗಿದೆ. ಲೋಕೇಶ ವಾಚ್ ನೋಡಿ "ಭಾವ, ರಾಹುಕಾಲ ಬಂದ್ಬುಡ್ತು" ಅಂದ. ರಾಹುಕಾಲಕ್ಕೆ ಮೊದಲು ಗಾಡಿ ಉರುಳಲೇಬೇಕು. ನಮ್ಮ ಮನೆಯಲ್ಲಿ ಇದಕ್ಕೆ ವಿನಾಯಿತಿ ಇಲ್ಲ. ಎಂ.ಕಾಂ. ಮಾಡಿದ ನನಗೂ ಇಲ್ಲ.

"ಅಮ್ಮ, ಟ್ರೈಲರ್ ಒಳಗೇ ಕೂತ್ಕೋ. ಮೆಟ್ಲು ತಗ್ಗಿದೆ. ಹಾಸಿಗೆ ಇದೆ. ಏನಾದ್ರೂ ಬೇಕಾದ್ರೆ ಫೋನ್ ಮಾಡು, ನಿಲ್ಲಿಸ್ತೀನಿ" ಅಂದೆ.

ದಪ್ಪ ಅಕ್ಷರ, ಕೆಂಪು ಗುರುತು, ಎಲ್ಲ ಎಲ್ಲಿ ಹೋದವೋ. ಲೋಕೇಶ ನನ್ನ ಮುಖ ನೋಡಿದ. ಅವನಿಗೂ ಗೊತ್ತಿತ್ತು. ನಾನು ಟ್ರೈಲರ್ ಬಾಗಿಲು ತೆಗೆದು ಹಿಡಿದೆ. ಅಮ್ಮ ತಾನೇ ಕಂಬಿ ಹಿಡಿದು ಮೆಟ್ಟಿಲು ಹತ್ತಿ ಒಳಗೆ ಹೋದಳು. ನಿಂಬೆಹಣ್ಣು ಪಚಕ್ ಅಂದವು. ಹೊರಟೆವು.

ಹೋಗುವಾಗ ನಿಧಾನಕ್ಕೆ ಹೋದೆ. ತುಮಕೂರು ದಾಟಿ, ಗುಬ್ಬಿ ದಾಟಿ, ಹಾಗಲವಾಡಿ ತಲುಪಿದೆವು. ಬಾಗಿಲು ತೆಗೆದರೆ ಅಮ್ಮ ನಗುತ್ತಿದ್ದಳು. "ಎರಡ್ ಸಲ ಹೋದೆ ಕಣೋ!" ಅಂತ ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದಳು. ಮಗನ ಹತ್ತಿರ ಇಂಥ ಮಾತನ್ನು ಅವಳು ಆಡಿದ್ದು ಅದೇ ಮೊದಲು. ಗೆದ್ದೆ ಅಂದುಕೊಂಡೆ.

ಚಿಕ್ಕಮ್ಮ ಜಗುಲಿಯ ಮೇಲೆ ಕೂತಿದ್ದಳು. ಅಮ್ಮ ಪಕ್ಕದಲ್ಲಿ ಹೋಗಿ ಕೂತಳು. ಇಬ್ಬರೂ ಒಬ್ಬರ ಕೈ ಇನ್ನೊಬ್ಬರು ಹಿಡಿದುಕೊಂಡರು. ಆಮೇಲೆ ಚಿಕ್ಕಮ್ಮ "ಏನೇ, ಇಂಗ್ ಮುದ್ಕಿ ಆಗ್ಬುಟ್ಟಿದೀಯ!" ಅಂದಳು. "ನೀನೇನ್ ಮದ್ವಣಗಿತ್ತಿ" ಅಂದಳು ಅಮ್ಮ. ಇಬ್ಬರೂ ನಕ್ಕರು. ಆಮೇಲೆ ಇಬ್ಬರೂ ಅತ್ತರು.

ಅವತ್ತು ಅಮ್ಮ ಎಳನೀರು ಕುಡಿದಳು. ಚೊಂಬು ತುಂಬ ಮಜ್ಜಿಗೆ ಕುಡಿದಳು. ಊಟಕ್ಕೆ ಮುದ್ದೆ, ಬಸ್ಸಾರು, ಮೇಲೆ ಮತ್ತೆ ಮಜ್ಜಿಗೆ. ಹೊರಗೆ ಹೋದರೆ ಹನಿ ನೀರು ಮುಟ್ಟದವಳು ಅವತ್ತು ಕೇಳಿ ಕೇಳಿ ಕುಡಿದಳು. "ಕುಡಿ ಕುಡಿ, ನಿಮ್ ಗಾಡೀಲೇ ಐತಲ್ಲ" ಅಂತ ಚಿಕ್ಕಮ್ಮ ಕೂತಲ್ಲಿಂದಲೇ ಬಡಿಸುತ್ತಿದ್ದಳು. ಗಾಡಿಯನ್ನು ನಂಬಿ ಕುಡಿದಳು. ಗಾಡಿಯನ್ನೋ, ನನ್ನನ್ನೋ.

ಹೊರಡುವ ಹೊತ್ತಾಯಿತು. ನಮ್ಮ ತುಮಕೂರು ಸೀಮೆಯಲ್ಲಿ ಒಂದು ಪದ್ಧತಿ ಇದೆ, ನಿಮಗೆ ಹೇಳಬೇಕಾಗಿಲ್ಲ. ನೆಂಟರ ಮನೆಯಿಂದ ಗಾಡಿ ಹೊರಟರೆ ಡಿಕ್ಕಿ ಖಾಲಿ ಇರಬಾರದು. ಸ್ಕೂಟರಿನಲ್ಲಿ ಬಂದರೆ ಕಾಲ ಬಳಿ ಎರಡು ತೆಂಗಿನಕಾಯಿ. ಕಾರಿನಲ್ಲಿ ಬಂದರೆ ಒಂದು ಮೂಟೆ. ಬೇಡ ಅಂದರೆ ಅವರಿಗೆ ಅವಮಾನ. ನಾವು ಬಂದದ್ದು ಒಂದು ಇಡೀ ಮನೆ ತಗೊಂಡು! ನಂಜುಂಡ ತೋಟದಿಂದ ಕಾಯಿ ಮೂಟೆ ಹೊರಿಸಿಕೊಂಡು ಬಂದ. ಅದರ ಹಿಂದೆ ರಾಗಿ ಚೀಲ. ಅದರ ಹಿಂದೆ ಹಲಸಿನಕಾಯಿ. ಪಿಕಪ್ಪಿನ ಕ್ಯಾರಿಯರ್‌ನಲ್ಲಿ ಹಾಕೋಣವೆಂದರೆ ಹೊಸ ಪೇಂಟ್, ಗೀರು ಬಿದ್ದರೆ? ನಾನೇ ಟ್ರೈಲರ್ ಕಡೆ ಕೈ ತೋರಿಸಿದೆ.

ಹಾಸಿಗೆ ಕೆಳಗೆ ತುಂಬಿತು. ಇನ್ನೂ ಮೂಟೆಗಳಿದ್ದವು. ನಂಜುಂಡ ಒಳಗಿನಿಂದ ಕೂಗಿದ: "ಅಣ್ಣಾ, ಈ ಹಿಂದ್ಗಡೆ ರೂಮು ಖಾಲಿ ಐತೆ, ಇಲ್ಲಿಗ್ ಹಾಕ್ಲಾ?"

ಲೋಕೇಶನಿಗೆ ಗೇರ್ ಬಗ್ಗೆ ಏನೋ ಹೇಳುತ್ತಿದ್ದೆ. ತಿರುಗಿಯೂ ನೋಡಲಿಲ್ಲ. "ಹಾಕು ಹಾಕು, ಜಾಗ ಇದೆಯಲ್ಲ" ಅಂದೆ.

ಹಿಂದುಗಡೆಯ ರೂಮು ಯಾವುದು ಅಂತ ನಿಮಗೆ ಹೊಳೆದಿರಬೇಕು. ನನಗೆ ಹೊಳೆಯಲಿಲ್ಲ. ಅದಕ್ಕಾಗಿಯೇ ಇಡೀ ಟ್ರೈಲರ್ ತಂದವನು ನಾನು!

ಅಮ್ಮ ತಂಗಿಯ ಕೈ ಬಿಡಿಸಿಕೊಂಡು ಬಂದಳು. "ಯುಗಾದಿಗೆ ಮತ್ತೆ ಬತ್ತೀನಿ ಕಣೇ. ಈಗೇನು, ಗಾಡಿ ಐತಲ್ಲ" ಅಂದಳು. ಕಣ್ಣು ಒರೆಸಿಕೊಳ್ಳುತ್ತಾ ಟ್ರೈಲರ್ ಹತ್ತಿ ಮುಂದಿನ ಹಾಸಿಗೆಯ ಮೇಲೆ ಕೂತಳು. ಹಿಂದೆ ತಿರುಗಿ ನೋಡಿರಲಿಕ್ಕಿಲ್ಲ. ಬಾಗಿಲು ಹಾಕಿದೆ.

ಗುಬ್ಬಿ ಕಡೆ ಬರುವಾಗ ನಾನು ಖುಷಿಯಲ್ಲಿದ್ದೆ. ಲೋಕೇಶನಿಗೆ ಪಾಠ ನಡೆದಿತ್ತು. ಫೋನ್ ಹೊಡೆದುಕೊಂಡಿತು. ಅಮ್ಮ. ಡ್ರೈವ್ ಮಾಡುವಾಗ ಫೋನ್ ಎತ್ತಬಾರದಲ್ಲ? ಕಟ್ ಮಾಡಿದೆ. ಮತ್ತೆ ಹೊಡೆದುಕೊಂಡಿತು. "ನಿದ್ದೆ ಬಂದಿಲ್ಲ ಅನ್ಸುತ್ತೆ, ಬೇಜಾರಾಗಿರ್ಬೇಕು" ಅಂದೆ. ಲೋಕೇಶ "ನಿಲ್ಸಿ ನೋಡಣ ಭಾವ" ಅಂದ. "ಇಂಥ ಏರಲ್ಲಿ ನಿಲ್ಲಿಸಿದ್ರೆ ಮತ್ತೆ ಎತ್ತೋದು ಎಷ್ಟು ಕಷ್ಟ ಗೊತ್ತಾ? ಗುಬ್ಬೀಲಿ ನಿಲ್ಲಿಸೋಣ" ಅಂದೆ. ಆಮೇಲೂ ಫೋನ್ ಬಂತು. ಸೈಲೆಂಟ್ ಮಾಡಿದೆ.

ಸುಳ್ಳು. ನಮ್ಮ ಗಾಡಿ ಎಂಥ ಏರಿನಲ್ಲೂ ಎತ್ತುತ್ತದೆ. ಅದಕ್ಕೇ ತಗೊಂಡದ್ದು. ನನ್ನ ಮಾತು ಮಧ್ಯಕ್ಕೆ ನಿಲ್ಲುತ್ತದೆ ಅಂತ ನಿಲ್ಲಿಸಲಿಲ್ಲ, ಅಷ್ಟೇ.

ಗುಬ್ಬಿ ಇನ್ನೇನು ಬರಬೇಕು, ಇಳಿಜಾರು. ಹಿಂದಿನಿಂದ ಯಾರೋ ಅಲ್ಲಾಡಿಸಿದ ಹಾಗಾಯಿತು. ಕನ್ನಡಿಯಲ್ಲಿ ಟ್ರೈಲರ್‌ನ ಬಾಲ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಎದುರಿಗೆ ಬರುತ್ತಿದ್ದ ಬಸ್ಸು ಹಾರ್ನ್ ಒತ್ತಿ ಹಿಡಿಯಿತು. "ಭಾವಾ, ಬಾಲ ಆಡ್ತೈತೆ!" ಅಂತ ಲೋಕೇಶ ಕಿರುಚಿದ. ಕಾಯಿ, ರಾಗಿ, ಹಲಸು, ಅರ್ಧಕ್ಕರ್ಧ ಭಾರ ಹಿಂಭಾಗದಲ್ಲಿತ್ತು. ವಿಡಿಯೋದಲ್ಲಿ ಹೇಳಿದ ಹಾಗೆಯೇ ಆಯಿತು. ಆಕ್ಸಿಲರೇಟರ್ ಬಿಟ್ಟು ಸ್ಟೇರಿಂಗ್ ನೆಟ್ಟಗೆ ಹಿಡಿದೆ. ನನ್ನ ಭಾರದ ಗಾಡಿ, ಉದ್ದದ ಗಾಡಿ ತಡೆದುಕೊಂಡಿತು. ರಸ್ತೆ ಪಕ್ಕದ ಒಂದು ಟೀ ಅಂಗಡಿ ಮುಂದೆ ನಿಂತೆವು.

ಗಮನಿಸಿದಿರಾ? ಗಾಡಿ ಬಾಲ ಆಡಿಸಿದಾಗ ನಿಲ್ಲಿಸಿದೆ. ಅಮ್ಮ ಕರೆದಾಗ ನಿಲ್ಲಿಸಲಿಲ್ಲ.

ಇದಿಷ್ಟೇ ಆಗಿದ್ದರೆ ಹೇಗೋ ಬರೆದು ಮುಗಿಸುತ್ತಿದ್ದೆ. ಕೆಳಗಿಳಿದೆ. ಟೀ ಕುಡಿಯುತ್ತಿದ್ದವರು ಎದ್ದು ಬಂದು ಸುತ್ತುವರಿದರು. "ಏನ್ ಗಾಡಿ ಸಾ ಇದು! ಎಂಗ್ ತಡ್ಕಂತು ನೋಡ್ಲಾ!" ಅಂದ ಒಬ್ಬ. "ಎಷ್ಟ್ ಎಳೀತದೆ ಸಾ?" ಅಂದ ಇನ್ನೊಬ್ಬ. ನಾನು ಏನು ಮಾಡಿದೆ ಗೊತ್ತೇ? ಉತ್ತರ ಹೇಳಲು ನಿಂತೆ. ಹೌದು. ಬಾನೆಟ್ ಮೇಲೆ ಕೈ ಇಟ್ಟು "ಎಳೆಯೋದು ದೊಡ್ಡ ವಿಷಯ ಅಲ್ಲ" ಅಂತ ಶುರು ಮಾಡಿದೆ.

ಅಷ್ಟರಲ್ಲಿ ಲೋಕೇಶ ಟ್ರೈಲರ್ ಬಾಗಿಲು ತೆಗೆದ. ಎರಡು ತೆಂಗಿನಕಾಯಿ ಮೆಟ್ಟಿಲ ಮೇಲೆ ಟಣ್ ಟಣ್ ಅಂತ ಉರುಳಿ ಬಂದವು. ಜನ ನಕ್ಕರು. ನಾನೂ ನಗುತ್ತಲೇ ಹೋದೆ.

ಒಳಗೆ ಅಮ್ಮ ಸಿಂಕ್ ಹಿಡಿದುಕೊಂಡು ನಿಂತಿದ್ದಳು. ನೆಲದ ತುಂಬ ಕಾಯಿಗಳು. ಟಾಯ್ಲೆಟ್ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಛಾವಣಿ ಮುಟ್ಟುವ ಹಾಗೆ ಮೂಟೆ. ಒಂದು ಮೂಟೆಯ ಬಾಯಿ ಬಿಚ್ಚಿಹೋಗಿತ್ತು. ಎಳೆಯಲು ನೋಡಿದ್ದಾಳೆ. ಅವಳ ಕೈಗೆ ಗೋಣಿ ದಾರ ಸುತ್ತಿಕೊಂಡಿತ್ತು. ಹಸಿರು ರೇಷ್ಮೆ ಸೀರೆ ಸೊಂಟದಿಂದ ಕೆಳಗೆ ಒದ್ದೆಯಾಗಿತ್ತು.

ನನ್ನ ಹೆಗಲ ಮೇಲಿಂದ ಯಾರೋ ಇಣುಕಿದರು.

"ಬಾಗ್ಲು ಹಾಕು" ಅಂದಳು ಅಮ್ಮ. ಅಷ್ಟೇ ಅಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬಾಗಿಲು ಹಾಕಿದೆ. ಹಾಕಿ ಹೊರಗೆ ನಿಂತೆ. ಟೀ ಅಂಗಡಿಯ ಹೆಂಗಸು ನನ್ನ ಮುಖ ನೋಡಿದಳು, ಬಾಗಿಲು ನೋಡಿದಳು. ಕೈ ಒರೆಸಿಕೊಂಡು ಬಂದು "ಏಯ್, ಎಲ್ಲ ಅತ್ಲಾಗೋಗ್ರಿ, ಏನ್ ನೋಡ್ತೀರ!" ಅಂತ ಜನರನ್ನು ಗದರಿಸಿದಳು. ನನಗೂ "ನೀವೂ ಆಚೆಗ್ ನಿಂತ್ಕಳಿ" ಅಂದಳು. ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಮ್ಮನನ್ನು ಒಂದು ಬೆಡ್‌ಶೀಟ್ ಹೊದಿಸಿ ಅಂಗಡಿ ಹಿಂದಿದ್ದ ತನ್ನ ಮನೆಗೆ ನಡೆಸಿಕೊಂಡು ಹೋದಳು. ಅಮ್ಮ ನನ್ನ ಮುಂದೆಯೇ ಹಾದು ಹೋದಳು. ತಲೆ ಎತ್ತಲಿಲ್ಲ.

ಹೊರಗೆ ಬಂದಾಗ ಆ ಹೆಂಗಸಿನ ಹಳೆಯ ಹೂವಿನ ಸೀರೆ ಉಟ್ಟಿದ್ದಳು. ನಾನು ಹತ್ತಿರ ಹೋಗಿ "ಅಮ್ಮ..." ಅಂದೆ.

"ಒಂದ್ ಆಟೋ ನೋಡು" ಅಂದಳು.

"ಅಮ್ಮ, ಮೂಟೆ ಎಲ್ಲ ಇಳಿಸ್ತೀನಿ. ಅಥವಾ ಪಿಕಪ್ಪಲ್ಲಿ ಹೇಗಾದ್ರೂ ಎತ್ತಿ..."

"ಆಟೋ ನೋಡಪ್ಪ."

ಗುಬ್ಬಿಯ ಆಟೋ ಒಂದು ಬಂತು. ಅಮ್ಮ ಯಾರ ಕೈಯನ್ನೂ ಹಿಡಿಯದೆ ಸೀದಾ ಹತ್ತಿ ಕೂತಳು. ಜೊತೆಗೆ ಬರುತ್ತೇನೆ ಅಂದರೆ ಬೇಡ ಅಂದಳು. ಲೋಕೇಶನಿಗೂ ಬೇಡ ಅಂದಳು. ಗುಬ್ಬಿಯಿಂದ ಕ್ಯಾತ್ಸಂದ್ರದವರೆಗೆ ಮುಂದೆ ಆಟೋ, ಅದರ ಹಿಂದೆ ನಾನು, ನನ್ನ ದೊಡ್ಡ ಪಿಕಪ್, ನನ್ನ ದೊಡ್ಡ ಟ್ರೈಲರ್. ಆಟೋ ಹಿಂಬದಿಯ ಪುಟ್ಟ ಕಿಟಕಿಯಲ್ಲಿ ಅಮ್ಮನ ತಲೆ ಕಾಣುತ್ತಿತ್ತು. ಒಮ್ಮೆಯೂ ತಿರುಗಲಿಲ್ಲ. ಆಟೋ ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನಲ್ಲಿ ನಿಂತಿತು. ಅಮ್ಮ ಇಳಿದು ಒಳಗೆ ಹೋಗಿ ಬಂದಳು. ಆಟೋದವನು ಕರೆದಾಗ ನಿಲ್ಲಿಸಿದ. ಅವನ ಗಾಡಿಗೆ ಟಾರ್ಕ್ ಎಷ್ಟೋ ನನಗೆ ಗೊತ್ತಿಲ್ಲ.

ಸಂಜೆ ಸುಮಾ ಶಾಲೆಯಿಂದ ಬಂದವಳು ಅಮ್ಮನ ಕೋಣೆಗೆ ಹೋಗಿ ಬಹಳ ಹೊತ್ತು ಕೂತಿದ್ದು ಬಂದಳು. ಜಗಳಕ್ಕೆ ಸಿದ್ಧನಾಗಿ ಕೂತಿದ್ದೆ. ಅವಳು ಜಗಳ ಆಡಲಿಲ್ಲ. "ಟಾಯ್ಲೆಟ್ಟಲ್ಲಿ ಮೂಟೆ ಹಾಕಿದ್ರಾ?" ಅಂದಳು. "ಹೂಂ" ಅಂದೆ. ಅವಳು ಹಸಿರು ಸೀರೆಯನ್ನು ಬಕೆಟ್ಟಿನಲ್ಲಿ ನೆನೆಸಲು ಹೋದಳು.

ಕಾಯಿಗಳನ್ನು ಬೀದಿಗೆಲ್ಲ ಹಂಚಿದೆ. ಈಗಲೂ ಪಕ್ಕದ ಮನೆಯಿಂದ ಚಟ್ನಿ ರುಬ್ಬುವ ಸದ್ದು ಕೇಳಿದರೆ ನನ್ನ ಕಿವಿ ಬಿಸಿಯಾಗುತ್ತದೆ.

ನನ್ನನ್ನು ಹೆಚ್ಚು ಕೊರೆಯುತ್ತಿರುವುದು ಏನು ಗೊತ್ತೇ? ನಾನು ಆರಿಸಿದ ಗಾಡಿ ತಪ್ಪು ಗಾಡಿಯಲ್ಲ. ಯಾರನ್ನು ಬೇಕಾದರೂ ಕೇಳಿ, ಅಂಥ ಟ್ರೈಲರ್‌ಗೆ ಅದೇ ಸರಿಯಾದ ಗಾಡಿ. ಎಲ್ಲ ಲೆಕ್ಕ ಹಾಕಿದ್ದೆ. ಅಮ್ಮನ ಮಂಡಿಯ ಲೆಕ್ಕ ಹಾಕಿರಲಿಲ್ಲ. ನಮ್ಮ ಮನೆಗಳಲ್ಲಿ ಹೀಗೇ ಅಲ್ಲವೇ? ಅಪ್ಪನಿಗೆ ಅಂತ ದೊಡ್ಡ ಫೋನ್ ತರುತ್ತೇವೆ, ಅಕ್ಷರ ಕಾಣುತ್ತದಾ ಅಂತ ಕೇಳುವುದಿಲ್ಲ. ಅಜ್ಜಿಗೆ ಅಂತ ಮಂಚ ಮಾಡಿಸುತ್ತೇವೆ, ಅವಳು ಇನ್ನೂ ಚಾಪೆಯ ಮೇಲೇ ಮಲಗಿರುತ್ತಾಳೆ. ಅವರ ಹೆಸರು ಹೇಳಿ ನಮ್ಮ ಆಸೆ ತೀರಿಸಿಕೊಳ್ಳುತ್ತೇವೆ. ನಾನಂತೂ ಹಾಗೇ ಮಾಡಿದೆ. ಥೂ!

ಅಮ್ಮ ಆ ದಿನದ ಬಗ್ಗೆ ಒಂದು ಮಾತೂ ಎತ್ತಿಲ್ಲ. ಊಟ ಬಡಿಸುತ್ತಾಳೆ. "ಇನ್ನೊಂಚೂರ್ ಹಾಕ್ಲಾ?" ಅನ್ನುತ್ತಾಳೆ. ಲೋಕೇಶ ಪಿಕಪ್ಪಿಗೆ ಇಳಿಬಿಡುವ ಮೆಟ್ಟಿಲು ವೆಲ್ಡ್ ಮಾಡಿ ಕೊಡುತ್ತೇನೆ ಅಂದ. ಅಮ್ಮನಿಗೆ ಹೇಳಿದೆ. "ನೋಡಣ ಬುಡು" ಅಂದಳು. ಆ ಹಳೆಯ "ನೋಡಣ ಬುಡು" ಮತ್ತೆ ಬಂದಿದೆ. ಹೊರಗೆ ಹೋಗುವ ಮಾತು ಬಂದರೆ ನೀರಿನ ಲೋಟ ಪಕ್ಕಕ್ಕೆ ಸರಿಸುವುದನ್ನು ಈಗ ನಾನೂ ನೋಡುತ್ತಿದ್ದೇನೆ. ಮೊದಲು ನೋಡುತ್ತಿರಲಿಲ್ಲ.

ಮೊನ್ನೆ ಬೆಳಿಗ್ಗೆ ಚಿಕ್ಕಮ್ಮನ ಫೋನ್. ಅಮ್ಮ ಸ್ಪೀಕರಿಗೆ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದಳು. ನಾನು ಪೇಪರ್ ಹಿಡಿದು ಕೂತಿದ್ದೆ.

"ಯುಗಾದಿ ಬಂದೇ ಬುಡ್ತು. ಯಾವಾಗ್ ಬತ್ತೀಯೇ ಅಕ್ಕ?"

ಅಮ್ಮ ಲೋಟ ಕೆಳಗಿಟ್ಟಳು. ನಾನು ಪೇಪರ್ ಸ್ವಲ್ಪ ತಗ್ಗಿಸಿದೆ. ಹೇಳಿಬಿಡಲಿ ಅನಿಸಿತು. ತಂಗಿಗಾದರೂ ಹೇಳಿ ಹಗುರಾಗಲಿ. ನನ್ನ ಮಗ ನನ್ನ ಫೋನ್ ಕಟ್ ಮಾಡಿದ ಕಣೇ, ಕಕ್ಕಸಿನಲ್ಲಿ ಕಾಯಿ ತುಂಬಿಸಿದ ಕಣೇ ಅಂತ.

ಅಮ್ಮ ಕಿಟಕಿಯಾಚೆ ನೋಡಿದಳು. ಅಲ್ಲಿ ಪಿಕಪ್ ತೊಳೆದು ನಿಲ್ಲಿಸಿದ್ದೆ, ಬಿಸಿಲಿಗೆ ಹೊಳೆಯುತ್ತಿತ್ತು. ಆಮೇಲೆ ನನ್ನ ಕಡೆ ಒಮ್ಮೆ ನೋಡಿದಳು.

"ಟ್ರೈಲರ್ ಐತೆ ಕಣೇ, ಅವತ್ತಿನ್ ಗಾಡಿ ಸರಿಹೋಗ್ನಿಲ್ಲ, ಎಳೆಯೋಂಥ ಗಾಡಿ ಇನ್ನೂ ಸಿಕ್ಕಿಲ್ಲ. ನನ್ ಮಗ ಪಾಪ ಹುಡುಕ್ತಾನೇ ಅವ್ನೆ" ಅಂದಳು.

ಈಗ ನೀವೇ ಹೇಳಿ, ನಾನು ಯಾವ ಗಾಡಿ ತಗೊಳ್ಳಲಿ?